ಇಂದಿನ ಧಮ್ಮಚಿಂತನೆ: ಅಂಕೆ ಇಳಿದಾಗ



ಮೊನ್ನೆ ಹೋಂವರ್ಕ್ ಮಾಡದ ಹುಡುಗನೊಬ್ಬನನ್ನು ಇಡೀ ತರಗತಿಯ ಎದುರು ಬೈದೆ. ಮಾತಿನ ಭರದಲ್ಲಿ ಅವನ ಹೆತ್ತವರನ್ನೂ ಎಳೆದು ತಂದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. 'ರೇಗಿಸಿದ್ದು ಅವನೇ' ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಂದು ರಾತ್ರಿ ಮಗ ಕಂಪ್ಯೂಟರಿನಲ್ಲಿ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟವನ್ನು ತನಗೆ ಬೇಕಾದಂತೆ ತಿದ್ದುತ್ತಿದ್ದ. 2006ರಲ್ಲಿ ಬಂದ ಆಟವಿದು. ಇದರಲ್ಲಿ ಪ್ರತಿಯೊಂದು ವಸ್ತು ಯಾವ ಶಾಖಕ್ಕೆ ಕರಗಬೇಕು, ಕುದಿಯಬೇಕು, ಹೊತ್ತಿಕೊಳ್ಳಬೇಕು ಎಂಬುದು ಸರಳ ಫೈಲುಗಳಲ್ಲಿ ಅಂಕೆಗಳಾಗಿ ಬರೆದಿರುತ್ತದೆ. ಆಟದ ಅಳತೆಯಲ್ಲಿ ನೀರು ಹೆಪ್ಪುಗಟ್ಟುವುದು 10000ಕ್ಕೆ, ಕುದಿಯುವುದು 10180ಕ್ಕೆ. ಮರ ಹೊತ್ತಿಕೊಳ್ಳುವುದು 10508ಕ್ಕೆ. ಕುದಿವ ಶಿಲಾರಸದ ಶಾಖ 12000.

ಮಗ ಮರದ ಅಂಕೆಯನ್ನು ಗಾಳಿಯ ಶಾಖಕ್ಕಿಂತ ಕೆಳಗಿಳಿಸಿದ. ಕಿಡಿಯೇ ಇಲ್ಲದೆ ದಿಮ್ಮಿಗಳು ಉರಿಯತೊಡಗಿದವು. ಒಂದು ಕಲ್ಲಿನ ಕುದಿಯುವ ಅಂಕೆಯನ್ನೂ ಹಾಗೆಯೇ ಇಳಿಸಿದ. ಕಲ್ಲು ಹುಟ್ಟಿದ ಕೂಡಲೇ ಆವಿಯಾಗಿ ಹಬ್ಬಿತು. "ಸಿಡಿಯೋಕೆ ಮದ್ದೇ ಬೇಕಿಲ್ಲ ಅಮ್ಮಾ, ಅಂಕೆ ಇಳಿಸಿದ್ರೆ ಸಾಕು" ಎಂದ.

ನಾನು ಸುಮ್ಮನೆ ಕೂತೆ. ಕನ್ನಡದಲ್ಲಿ ಅಂಕೆ ಎಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು.

ಹಿಂದೆ ಅಗ್ನಿಪೂಜಕರಾಗಿದ್ದ ಸಾವಿರ ಭಿಕ್ಖುಗಳಿಗೆ ಬುದ್ಧರು ಗಯಾಸೀಸದಲ್ಲಿ ಆದಿತ್ತಪರಿಯಾಯ ಸುತ್ತವನ್ನು ಬೋಧಿಸಿದರು. ಕಣ್ಣು, ಕಿವಿ, ಮನಸ್ಸುಗಳೆಲ್ಲ ರಾಗ, ದ್ವೇಷ, ಮೋಹಗಳಿಂದ ಉರಿಯುತ್ತಿವೆ ಎಂಬುದು ಅದರ ಸಾರ. ಹೊರಗಿನ ಬೆಂಕಿಯನ್ನು ಬಲ್ಲವರಿಗೆ ಅವರು ಒಳಗಿನ ಬೆಂಕಿಯನ್ನು ತೋರಿಸಿದರು. ನಾನೋ ಕಿಡಿಯನ್ನೇ ದೂರುತ್ತಿದ್ದೆ. ಆ ದಿನ ಬೆಳಿಗ್ಗೆಯಿಂದ ಒಂದೊಂದೇ ಅಸಮಾಧಾನವನ್ನು ಮೆಲುಕು ಹಾಕುತ್ತ ನನ್ನ ಅಂಕೆಯನ್ನು ಇಳಿಸಿಕೊಂಡವಳು ನಾನೇ. ಆ ಹುಡುಗನಲ್ಲದಿದ್ದರೆ ಇನ್ನೊಬ್ಬ ಸಿಗುತ್ತಿದ್ದ.

ಅದೇ ಆಟದಲ್ಲಿ 'ನೆದರ್ ಕ್ಯಾಪ್' ಎಂಬ, ನೆಲದಾಳದಲ್ಲಿ ಬೆಳೆಯುವ ದೊಡ್ಡ ಅಣಬೆಯಿದೆ. ಅದರ ದಿಮ್ಮಿಯ ಶಾಖ ಎಂದಿಗೂ 10000 ದಾಟದಂತೆ ಬರೆದಿದ್ದಾರೆ. ಶಿಲಾರಸದ ಪಕ್ಕದಲ್ಲೂ ಅದು ತಣ್ಣಗಿರುತ್ತದೆ. ನಾವು ಒಂದು ಸಾಲು ಬರೆದು ಹಾಗಾಗುವವರಲ್ಲ. ಆದರೆ ದಿನವೂ ಮಾಡುವ ಮೆತ್ತಾ ಭಾವನೆಯಿಂದ ಅಂಕೆ ತುಸು ತುಸುವೇ ಮೇಲೇರುತ್ತದೆ.

ನಿನ್ನೆ ಸಂಜೆ ಹುಡುಗನ ಮನೆಗೆ ಹೋಗಿ ಅವನ ಹೆತ್ತವರ ಎದುರೇ ಕ್ಷಮೆ ಕೇಳಿದೆ. ಅವನು ತಲೆ ಎತ್ತಲಿಲ್ಲ. ಇಂದು ಶಾಲೆಗೆ ಬರುತ್ತಾನೋ ಇಲ್ಲವೋ, ಕಾಯುತ್ತಿದ್ದೇನೆ.

ಇಂದಿನ ಅಭ್ಯಾಸ: ಸಿಟ್ಟು ಬಂದಾಗ 'ಯಾರು ಹಚ್ಚಿದರು?' ಎನ್ನುವ ಮೊದಲು 'ನಾನೇಕೆ ಇಷ್ಟು ಬೇಗ ಹೊತ್ತಿಕೊಂಡೆ?' ಎಂದು ಕೇಳಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ.