ಮೋಟಾರ್ ಸೈಕಲ್ಲಿನ ಎಣ್ಣೆ: ಬೆರಕೆಯಿಂದಾಗುವ ಕೇಡು

ಇಂದು ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲು ಇಲ್ಲದ ಓಣಿ ವಿರಳ. ಅಕ್ಕಲಕೋಟೆಯ ಪೇಟೆಗೆ ಹೋಗುವುದಕ್ಕೂ, ಹೊಲಕ್ಕೆ ಬುತ್ತಿ ಒಯ್ಯುವುದಕ್ಕೂ, ಮಕ್ಕಳನ್ನು ಶಾಲೆಗೆ ತಂದುಬಿಡುವುದಕ್ಕೂ ಅದೇ ಆಧಾರ. ಇಂಥ ಯಂತ್ರದ ಆಯುಷ್ಯವು ಅದರ ಹೊಟ್ಟೆಯಲ್ಲಿರುವ ಸುಮಾರು ಒಂದು ಲೀಟರ್ ಎಣ್ಣೆಯನ್ನು ಅವಲಂಬಿಸಿದೆ. ಆ ಎಣ್ಣೆಗೆ ಸೀಮೆಎಣ್ಣೆ, ಡೀಸೆಲ್, ಅಡುಗೆಯ ಎಣ್ಣೆ, ಅಂಗಡಿಯಲ್ಲಿ ಮಾರುವ ‘ಟಾನಿಕ್ಕು’ ಮೊದಲಾದುವನ್ನು ಬೆರೆಸುವ ರೂಢಿ ಅಲ್ಲಲ್ಲಿ ಉಂಟು. ಇದು ಹಿತವೋ ಅಹಿತವೋ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

1. ಎಣ್ಣೆಯ ಕಾರ್ಯ

ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪಿಸ್ಟನ್ನು ಸಿಲಿಂಡರಿನೊಳಗೆ ಸೆಕೆಂಡಿಗೆ ನೂರು ಸಲ ಮೇಲಕ್ಕೂ ನೂರು ಸಲ ಕೆಳಕ್ಕೂ ಚಲಿಸುತ್ತದೆ. ಲೋಹಕ್ಕೆ ಲೋಹ ನೇರವಾಗಿ ತಗುಲಿದರೆ ಎರಡೂ ಸವೆದು, ಕಾದು, ಕೊನೆಗೆ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ. ಅವುಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಘರ್ಷಣೆಯನ್ನು ತಗ್ಗಿಸುವುದು ಎಣ್ಣೆಯ ಮೊದಲನೆಯ ಕೆಲಸ. ಶಾಖವನ್ನು ಒಯ್ಯುವುದು, ಮಸಿಯನ್ನು ತನ್ನಲ್ಲಿ ತೇಲಿಸಿಕೊಳ್ಳುವುದು, ತುಕ್ಕನ್ನು ತಡೆಯುವುದು ಅದರ ಉಳಿದ ಕೆಲಸಗಳು.

ಡಬ್ಬಿಯಲ್ಲಿರುವುದು ಬರಿಯ ಎಣ್ಣೆಯಲ್ಲ. ಮೂಲ ಎಣ್ಣೆಗೆ ಮಸಿ ತೊಳೆಯುವ, ಸವೆತ ತಡೆಯುವ, ನೊರೆ ಅಡಗಿಸುವ ರಾಸಾಯನಿಕಗಳನ್ನು ತಯಾರಕರು ಅಳತೆಯಿಂದ ಸೇರಿಸಿರುತ್ತಾರೆ. ವೈದ್ಯನು ಅಳೆದು ಕೊಟ್ಟ ಔಷಧಕ್ಕೆ ಮನೆಯವರು ಮತ್ತೊಂದನ್ನು ಸುರಿದರೆ ಹೇಗೋ, ಇಲ್ಲಿ ಬೆರಕೆಯೂ ಹಾಗೆಯೇ.

2. ಸ್ನಿಗ್ಧತೆ

ದ್ರವವು ಹರಿಯಲು ಒಡ್ಡುವ ಅಡ್ಡಿಗೆ ಸ್ನಿಗ್ಧತೆ ಎಂದು ಹೆಸರು. ವಿದ್ಯಾರ್ಥಿಗಳು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬಹುದು. ಆರಿದ ಬೆಲ್ಲದ ಪಾಕವನ್ನು ಒಂದು ಚಮಚೆಯಷ್ಟು ಓರೆಯಾಗಿಟ್ಟ ತಟ್ಟೆಯ ಮೇಲೆ ಸುರಿಯಿರಿ. ಅದು ಮೆಲ್ಲನೆ ಇಳಿಯುತ್ತದೆ, ತಟ್ಟೆಯ ಮೇಲೆ ದಪ್ಪ ಪದರವಾಗಿ ಉಳಿಯುತ್ತದೆ. ಅದೇ ಪಾಕಕ್ಕೆ ಸ್ವಲ್ಪ ನೀರು ಬೆರೆಸಿ ಪುನಃ ಸುರಿಯಿರಿ. ಈಗ ಅದು ಓಡಿಹೋಗುತ್ತದೆ, ಪದರ ನಿಲ್ಲುವುದಿಲ್ಲ. ಎಂಜಿನ್ ಎಣ್ಣೆಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಬೆರೆಸಿದಾಗ ಆಗುವುದು ಇದೇ.

ಡಬ್ಬಿಯ ಮೇಲಿನ 10ಡಬ್ಲ್ಯೂ-30, 20ಡಬ್ಲ್ಯೂ-40 ಎಂಬ ಅಂಕಿಗಳು ಈ ಸ್ನಿಗ್ಧತೆಯ ದರ್ಜೆಯನ್ನು ಸೂಚಿಸುತ್ತವೆ. ಮೊದಲ ಅಂಕಿ ಚಳಿಯಲ್ಲಿನ ನಡತೆಗೆ, ಎರಡನೆಯದು ಎಂಜಿನ್ನು ಕಾದಾಗಿನ ನಡತೆಗೆ ಸಂಬಂಧಿಸಿದ್ದು. ತಯಾರಕರು ಹೇಳಿದ ದರ್ಜೆಯನ್ನೇ ಹಾಕತಕ್ಕದ್ದು.

3. ಬಗೆಬಗೆಯ ಬೆರಕೆಗಳು

ಸೀಮೆಎಣ್ಣೆ: ಹಳೆಯ ಎಣ್ಣೆಯನ್ನು ತೆಗೆದ ಬಳಿಕ ಇದನ್ನು ಸುರಿದು ಎಂಜಿನ್ನು ತೊಳೆಯುವವರಿದ್ದಾರೆ. ಪೊರೆ ಹಿಡಿಯದ ಈ ದ್ರವದಲ್ಲಿ ಎಂಜಿನ್ನನ್ನು ಓಡಿಸಿದರೆ ಒಳಗಿನ ಭಾಗಗಳು ಸವೆಯುತ್ತವೆ. ಮೂಲೆಯಲ್ಲಿ ಉಳಿದ ಅಂಶವು ಹೊಸ ಎಣ್ಣೆಯನ್ನೂ ತೆಳುವಾಗಿಸುತ್ತದೆ.

ಅಡುಗೆಯ ಎಣ್ಣೆ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದನ್ನು ಮಾಗಿಯ ಚಳಿಯಲ್ಲಿ ಎಲ್ಲರೂ ಕಂಡಿದ್ದೇವೆ. ಶೇಂಗಾ ಎಣ್ಣೆಯೂ ಹೆಚ್ಚು ಕಾಲ ಕಾದರೆ ಅಂಟಾಗುತ್ತದೆ. ಬಾಣಲೆಯ ಅಂಚಿನ ಜಿಡ್ಡೇ ಇದಕ್ಕೆ ಸಾಕ್ಷಿ.

ಹರಳೆಣ್ಣೆ: ಔಡಲ ಬೀಜದ ಈ ಎಣ್ಣೆಗೆ ಯಂತ್ರಗಳ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. ಮೊದಲನೆಯ ಮಹಾಯುದ್ಧದ ವಿಮಾನಗಳಲ್ಲಿಯೂ ಪಂದ್ಯದ ವಾಹನಗಳಲ್ಲಿಯೂ ಇದನ್ನು ಬಳಸುತ್ತಿದ್ದರು. ಇಂಗ್ಲೆಂಡಿನಲ್ಲಿ 1909ರಲ್ಲಿ ಹೊರಟ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಆದರೆ ಅದು ಕಾದು ಅಂಟಾಗುತ್ತದೆ, ಖನಿಜ ಎಣ್ಣೆಯೊಡನೆ ಚೆನ್ನಾಗಿ ಬೆರೆಯುವುದಿಲ್ಲ. ಆ ಎಂಜಿನ್ನುಗಳನ್ನು ಪದೇ ಪದೇ ಬಿಚ್ಚಿ ತೊಳೆಯುತ್ತಿದ್ದರು; ನಮ್ಮ ವಾಹನಕ್ಕೆ ಆ ಉಪಚಾರವಿಲ್ಲ.

‘ಟಾನಿಕ್ಕು’: ಘರ್ಷಣೆಯನ್ನು ಇನ್ನೂ ತಗ್ಗಿಸುವೆವೆಂದು ಮಾರುವ ಕೆಲವು ದ್ರವಗಳು ಮೋಟಾರ್ ಸೈಕಲ್ಲಿಗೆ ವಿಶೇಷವಾಗಿ ಅಪಾಯಕರ. ಕಾರಿನಲ್ಲಿ ಸಾಮಾನ್ಯವಾಗಿ ಕ್ಲಚ್ಚಿನ ತಟ್ಟೆಗಳು ಒಣಗಿರುತ್ತವೆ; ಹೆಚ್ಚಿನ ಮೋಟಾರ್ ಸೈಕಲ್ಲುಗಳಲ್ಲಿ ಅವು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತವೆ. ಕ್ಲಚ್ಚು ಹಿಡಿಯಬೇಕಾದರೆ ಘರ್ಷಣೆ ಬೇಕೇ ಬೇಕು. ಅದು ಅತಿಯಾಗಿ ತಗ್ಗಿದರೆ ತಟ್ಟೆಗಳು ಜಾರಿ, ಎಂಜಿನ್ನು ಗರ್ಜಿಸಿದರೂ ಗಾಡಿ ಮುಂದೆ ಹೋಗದು. ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿ ದಾಟುವಾಗ ಹೀಗಾದರೆ ಗತಿಯೇನು? ಈ ಕಾರಣದಿಂದಲೇ ಜಪಾನಿನವರು 1998ರಲ್ಲಿ ಜಾಸೋ ಎಂಬ ಮಾನಕದಡಿ ಮೋಟಾರ್ ಸೈಕಲ್ ಎಣ್ಣೆಗಳನ್ನು ವಿಂಗಡಿಸಿದರು. ಎಂಎ, ಎಂಎ2 ಗುರುತಿನವು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ತಕ್ಕವು. ಎಂಬಿ ಗುರುತಿನದು ಗೇರಿಲ್ಲದ ಸ್ಕೂಟರಿನಂಥವುಗಳಿಗೆ.

4. ಒಂದು ಸಂದೇಹ

ಹಿಂದೆ ಪೆಟ್ರೋಲಿಗೇ ಎಣ್ಣೆ ಬೆರೆಸುತ್ತಿದ್ದರಲ್ಲ ಎಂದು ಹಿರಿಯರು ಕೇಳಬಹುದು. ಅದು ನಿಜ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಬಳಿಕ 1996ರವರೆಗೆ ತಯಾರಾದ ಯೆಜ್ಡಿ ಇವು ‘ಟೂ ಸ್ಟ್ರೋಕ್’ ಯಂತ್ರಗಳು. ಅವುಗಳ ಪಿಸ್ಟನ್ನಿಗೆ ಎಣ್ಣೆ ದೊರೆಯುತ್ತಿದ್ದುದು ಪೆಟ್ರೋಲಿನ ಮೂಲಕವೇ. ಇಂದು ಹೆಚ್ಚಾಗಿ ಓಡುವುದು ‘ಫೋರ್ ಸ್ಟ್ರೋಕ್’ ಯಂತ್ರ. ಇದರ ಎಣ್ಣೆ ಬೇರೆ, ಪೆಟ್ರೋಲು ಬೇರೆ. ಒಂದರ ನಿಯಮ ಇನ್ನೊಂದಕ್ಕೆ ಸಲ್ಲದು.

ದಾರಿಯಲ್ಲಿ ಎಣ್ಣೆ ಕಡಿಮೆಯಾಗಿ, ಅದೇ ದರ್ಜೆಯ, ಅದೇ ಮಾನಕದ ಬೇರೊಂದು ಕಂಪನಿಯ ಎಣ್ಣೆ ಮಾತ್ರ ಸಿಕ್ಕಿದರೆ ಅದನ್ನು ಹಾಕಿಕೊಳ್ಳಬಹುದು. ಎಣ್ಣೆಯಿಲ್ಲದೆ ಓಡಿಸುವುದು ಅದಕ್ಕಿಂತ ಹಾನಿಕರ.

5. ನಮ್ಮ ಕರ್ತವ್ಯ

ಗಾಡಿಯನ್ನು ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಎಂಜಿನ್ನು ಆರಿಸಿ ಕೆಲವು ನಿಮಿಷಗಳಾದ ಮೇಲೆ ಅಳತೆಯ ಕಡ್ಡಿಯನ್ನು ನೋಡಿರಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿಯಿರಿ. ಪೆಟ್ರೋಲಿನ ವಾಸನೆ ಬಂದು ಮಟ್ಟ ಏರಿದ್ದರೆ ಮಿಸ್ತ್ರಿಗೆ ತೋರಿಸಿರಿ. ತೆಗೆದ ಹಳೆಯ ಎಣ್ಣೆಯನ್ನು ಬಾವಿಯ ಬಳಿ, ಹಳ್ಳದಲ್ಲಿ, ಹೊಲದಲ್ಲಿ ಎಂದಿಗೂ ಚೆಲ್ಲಬಾರದು; ಅದು ನೀರನ್ನೂ ಮಣ್ಣನ್ನೂ ಕೆಡಿಸುತ್ತದೆ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಪಾಲಕರಲ್ಲಿ ನಮ್ಮ ವಿನಂತಿಯೊಂದಿದೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಅಂಗಡಿಯ ಮಾತು ಮರಾಠಿಯಲ್ಲಿ. ಎಣ್ಣೆ ಕೊಳ್ಳುವಾಗ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ಆ ಅಂಕಿಗಳನ್ನು ಓದಿಸಿರಿ, ಗಾಡಿಯ ಕೈಪಿಡಿಯೊಡನೆ ಹೋಲಿಸಿ ನೋಡಿಸಿರಿ. ಕೆಲವೇ ರೂಪಾಯಿಗಳ ಉಳಿತಾಯಕ್ಕಾಗಿ ಬೆರಕೆ ಮಾಡಿ, ಹಂಗಾಮಿನ ಗಳಿಕೆಯನ್ನೆಲ್ಲ ಗ್ಯಾರೇಜಿಗೆ ಸುರಿಯುವ ದುಃಸ್ಥಿತಿ ಯಾವ ಮನೆಗೂ ಬಾರದಿರಲಿ.

ಅಭ್ಯಾಸ

1. ಬೆಲ್ಲದ ಪಾಕದ ಪ್ರಯೋಗದಿಂದ ತಿಳಿದುಬರುವುದೇನು?
2. ಮೋಟಾರ್ ಸೈಕಲ್ಲಿನ ಕ್ಲಚ್ಚಿಗೆ ಘರ್ಷಣೆ ಏಕೆ ಅವಶ್ಯ?
3. ನಿಮ್ಮ ಮನೆಯ ಯಾ ನೆರೆಮನೆಯ ಗಾಡಿಯ ಕೈಪಿಡಿಯಲ್ಲಿ ಹೇಳಿದ ಎಣ್ಣೆಯ ದರ್ಜೆಯನ್ನು ಬರೆದು ತನ್ನಿರಿ.