ಮೊದಲು ಕೇಳಬೇಕಾದದ್ದು: ಈ ಜಾಗ ಯಾರ ಸುಪರ್ದಿನಲ್ಲಿದೆ?

ಪ್ರವಾಸದಲ್ಲಿ ಫೋಟೊ ತೆಗೆಯುವುದನ್ನು ನೀವು ಈಗಷ್ಟೇ ಆರಂಭಿಸಿದ್ದರೆ, ನಿಮ್ಮ ಮೊದಲ ಪಾಠಕ್ಕೆ ನಾನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯನ್ನು ಆರಿಸುತ್ತೇನೆ. ಹೊಯ್ಸಳೇಶ್ವರ ದೇವಾಲಯದ ಮುಂದಿನ ಜನಸಂದಣಿ ಇಲ್ಲಿರುವುದಿಲ್ಲ. ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಜೈನ ಬಸದಿಗಳಿವೆ. ಕ್ಯಾಮೆರಾಕ್ಕೆ ಇಲ್ಲಿ ಅಡೆತಡೆ ಕಡಿಮೆ. ನಿರ್ಬಂಧದ ವಿಚಾರವನ್ನು ಇಂಥ ಕಡೆ ನಿಂತು ಕಲಿತರೆ ಗಾಬರಿಯಿರುವುದಿಲ್ಲ.

ಕಲಿಯಬೇಕಾದದ್ದು ಒಂದೇ ಪ್ರಶ್ನೆ. ನಾನು ನಿಂತಿರುವ ಜಾಗ ಯಾರ ಸುಪರ್ದಿನಲ್ಲಿದೆ? ಉತ್ತರ ತಿಳಿದರೆ ಉಳಿದ ನಿಯಮಗಳು ಬಹುಮಟ್ಟಿಗೆ ತಾವಾಗಿಯೇ ಹೊಳೆಯುತ್ತವೆ.

ಪಾರ್ಶ್ವನಾಥ ಬಸದಿಯನ್ನೇ ನೋಡೋಣ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಗರ್ಭಗುಡಿಯಲ್ಲಿ ಸುಮಾರು 18 ಅಡಿ ಎತ್ತರದ ಮೂರ್ತಿಯಿದೆ. ಅದರ ಮುಂದಿನ ಕಂಬಗಳ ಹಜಾರಕ್ಕೆ ನವರಂಗ ಎನ್ನುತ್ತಾರೆ. ಅಲ್ಲಿನ ಕರಿಕಲ್ಲಿನ ಕಂಬಗಳು ಎಷ್ಟು ನುಣುಪೆಂದರೆ ನಿಮ್ಮ ಪ್ರತಿಬಿಂಬ ಅವುಗಳಲ್ಲಿ ಕಾಣುತ್ತದೆ. ಬಂದವರೆಲ್ಲ ಮೊದಲು ಕ್ಯಾಮೆರಾ ತಿರುಗಿಸುವುದು ಅವುಗಳ ಕಡೆಗೇ.

ಈ ಕಟ್ಟಡವನ್ನು ಕಾಯುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಮೂರ್ತಿಗೆ ಕೈಮುಗಿಯಲು ಬರುವವರು ಶ್ರಾವಕರು, ಅಂದರೆ ಜೈನ ಗೃಹಸ್ಥರು. ಇಲಾಖೆಯ ಮಾತು ಕಾನೂನು; ಶ್ರಾವಕರ ಮಾತು ಮರ್ಯಾದೆ. ಕಾನೂನು ಫೋಟೊಗೆ ಒಪ್ಪಿದರೂ, ಧ್ಯಾನದಲ್ಲಿ ಕುಳಿತವರ ಮುಖದ ಮೇಲೆ ಫ್ಲ್ಯಾಷ್ ಹೊಡೆಯಲು ಅದು ಒಪ್ಪಿಗೆಯಲ್ಲ. ಕೇಳಿ ತೆಗೆಯಿರಿ. ಬೇಡವೆಂದರೆ ಕ್ಯಾಮೆರಾ ಇಳಿಸಿ.

ಇಲಾಖೆಯ ನಿಯಮಗಳು ಹೊಸಬರು ಅಂದುಕೊಳ್ಳುವಷ್ಟು ಬಿಗಿಯಿಲ್ಲ. ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್ ಮಹಲಿನ ಸಮಾಧಿ ಕೋಣೆಯನ್ನು ಬಿಟ್ಟು ತನ್ನ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಫೋಟೊ ತೆಗೆಯಬಹುದೆಂದು ಅದು 2018ರಲ್ಲಿ ತಿಳಿಸಿತು. ಆದರೆ ಕ್ಯಾಮೆರಾವನ್ನು ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್‌ಗೆ ಮುಂಚಿತವಾಗಿ ಅನುಮತಿ ಬೇಕು. ಸಿನಿಮಾ ಚಿತ್ರೀಕರಣಕ್ಕೆ ಪರವಾನಗಿಯೇ ಬೇಕು. ಡ್ರೋನ್, ಅಂದರೆ ಹಾರುವ ಕ್ಯಾಮೆರಾ, ಅನುಮತಿಯಿಲ್ಲದೆ ಸ್ಮಾರಕದ ಮೇಲೆ ಏಳಕೂಡದು. ಇನ್ನು ಒಳ್ಳೆಯ ಭಂಗಿಗಾಗಿ ಶಿಲ್ಪದ ಮೇಲೆ ಹತ್ತುವ, ಕಂಬಕ್ಕೆ ಒರಗುವ ಚಟ ನಮ್ಮಲ್ಲಿ ಬಹಳ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಈಗ ಬಸ್ತಿಹಳ್ಳಿಯಿಂದ ಸುಮಾರು 30 ಕಿಲೋಮೀಟರ್ ದೂರದ ಹಾಸನಕ್ಕೆ ಬನ್ನಿ. ಅಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ನಮ್ಮ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತಾರೆ. ದೊಡ್ಡ ತಟ್ಟೆಯಂಥ ಆಂಟೆನಾಗಳು ಕಣ್ಣಿಗೆ ಬಿದ್ದರೆ ಫೋಟೊ ತೆಗೆಯುವ ಆಸೆ ಸಹಜ. ಆದರೆ ಇಲ್ಲಿ ಪ್ರಶ್ನೆಯ ಉತ್ತರ ಬೇರೆಯಾಯಿತು: ಸುಪರ್ದು ಈಗ ದೇಶದ ಭದ್ರತೆಗೆ ಸಂಬಂಧಿಸಿದ್ದು. ಸೇನಾ ನೆಲೆ, ಕಾರವಾರದ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ, ಕೆಲವು ಅಣೆಕಟ್ಟುಗಳು ಕೂಡ ಇದೇ ಸಾಲಿಗೆ ಸೇರುತ್ತವೆ.

ಇಂಥ ಜಾಗಗಳಿಗೆ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸಬಹುದು. ಅದು ಸೇನಾ ನೆಲೆಗಳನ್ನೂ ಸರ್ಕಾರ ಅಧಿಸೂಚನೆಯಿಂದ ಗುರುತಿಸಿದ ಇತರ ಸ್ಥಳಗಳನ್ನೂ 'ನಿಷೇಧಿತ ಸ್ಥಳ' ಎಂದು ಕರೆಯುತ್ತದೆ. ಆ ಕಾಯ್ದೆಯ ಲೆಕ್ಕದಲ್ಲಿ ಫೋಟೊ ಕೂಡ ನಕ್ಷೆಯೇ. ಶಿಕ್ಷೆಯಾಗಲು ದೇಶಕ್ಕೆ ಹಾನಿ ಮಾಡುವ ಉದ್ದೇಶ ಇರಬೇಕು, ನಿಜ. ಆದರೆ ಆ ಉದ್ದೇಶವನ್ನು ನಿಮ್ಮ ನಡತೆಯಿಂದ, ಸಂದರ್ಭದಿಂದ ಊಹಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಪ್ರವಾಸಿಗರು ಸಿಕ್ಕಿಕೊಳ್ಳುವುದು ಇಲ್ಲಿಯೇ.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. 2001ರ ನವೆಂಬರಿನಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯ ಬಳಿ 12 ಬ್ರಿಟಿಷರು ಮತ್ತು ಇಬ್ಬರು ಡಚ್ಚರು ಬಂಧನಕ್ಕೊಳಗಾದರು. ವಿಮಾನಗಳನ್ನು ಗಮನಿಸಿ ಅವುಗಳ ಸಂಖ್ಯೆ ಬರೆದಿಟ್ಟುಕೊಳ್ಳುವುದು ಅವರ ಹವ್ಯಾಸ. ಅಂಥದೊಂದು ಹವ್ಯಾಸ ಇದೆಯೆಂಬುದನ್ನೇ ಅಲ್ಲಿನ ಅಧಿಕಾರಿಗಳು ನಂಬಲಿಲ್ಲ. ಗೂಢಚರ್ಯೆಯ ಆರೋಪದ ಮೇಲೆ ಮೊದಲು ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಖುಲಾಸೆಯಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು.

ಎಲ್ಲ ನಿರ್ಬಂಧವೂ ರಹಸ್ಯಕ್ಕಾಗಿ ಇರುವುದಿಲ್ಲ. ಅರಸೀಕೆರೆ ಜಂಕ್ಷನ್‌ನಲ್ಲಿ ಹಳಿಗೆ ಇಳಿದು ಸೆಲ್ಫಿ ತೆಗೆದುಕೊಂಡರೆ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಅಲ್ಲಿ ನಿಯಮ ಕಾಯುತ್ತಿರುವುದು ನಿಮ್ಮ ಜೀವವನ್ನು.

ಕೊನೆಗೆ ನಿಮ್ಮ ಫೋನಿನ ಬಗ್ಗೆ. ಸ್ಥಳ ಗುರುತಿಸುವ ವ್ಯವಸ್ಥೆ ಚಾಲೂ ಇದ್ದರೆ, ತೆಗೆದ ಚಿತ್ರದೊಳಗೇ ಎಲ್ಲಿ, ಯಾವಾಗ ತೆಗೆದಿರಿ ಎಂಬ ವಿವರ ಕಾಣದಂತೆ ಸೇರಿರುತ್ತದೆ. ಅಳಿಸಿದ ಚಿತ್ರವೂ ಕೆಲವು ದಿನ ಫೋನಿನಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಅದರ ಪ್ರತಿ ಅಂತರ್ಜಾಲದ ಖಾತೆಗೂ ಹೋಗಿರಬಹುದು. ಆದ್ದರಿಂದ ಕಾವಲುಗಾರರು ತಡೆದಾಗ ಅವಸರದಲ್ಲಿ ಅಳಿಸಲು ಹೋಗಬೇಡಿ. ಅದರಿಂದ ಅನುಮಾನ ಹೆಚ್ಚುತ್ತದೆಯೇ ಹೊರತು ಚಿತ್ರ ಮಾಯವಾಗುವುದಿಲ್ಲ. ಕ್ಯಾಮೆರಾ ಇಳಿಸಿ, ಹೆಸರು, ಊರು ಹೇಳಿ, ಕೇಳಿದರೆ ಚಿತ್ರ ತೋರಿಸಿ, ಅವರು ಹೇಳಿದ ಮೇಲೆ ಅವರ ಎದುರಿಗೇ ಅಳಿಸಿ. ಬಳಿಕ, ಎಲ್ಲಿಂದ ತೆಗೆಯಬಹುದು ಎಂದು ಅವರನ್ನೇ ವಿಚಾರಿಸಿ. ಒಳ್ಳೆಯ ಬೆಳಕು ಎಷ್ಟು ಹೊತ್ತಿಗೆ ಯಾವ ಕಡೆ ಬೀಳುತ್ತದೆಂಬುದು ದಿನವಿಡೀ ಅಲ್ಲೇ ನಿಂತಿರುವ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.