ಹಳೆಯ ಕಾರಿನ ಕೆಂಪು ದೀಪ ಮತ್ತು ಹಿಂದಿನ ಬ್ರೇಕು

ಮಡಂತ್ಯಾರಿನಿಂದ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಪೂರ್ವಕ್ಕೆ ಸಾಗುವ ಹೆದ್ದಾರಿಯು ಮುಂದೆ ಚಾರ್ಮಾಡಿ ಘಾಟಿಯನ್ನೇರುತ್ತದೆ. ಏರುವಾಗ ಪರೀಕ್ಷೆ ಎಂಜಿನಿಗೆ, ಇಳಿಯುವಾಗ ಬ್ರೇಕಿಗೆ. ಹಳೆಯ ಕಾರುಗಳನ್ನು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನೋಡಿ ಆನಂದಿಸಬಹುದು. ಆದರೆ ಅಂತಹ ಕಾರನ್ನು ರಸ್ತೆಗಿಳಿಸಬೇಕಾದರೆ ಅದರ ಬ್ರೇಕಿನ ಗುಣವನ್ನು ಅರಿತಿರುವುದು ಅವಶ್ಯಕ.

1,100 ಕಿಲೋಗ್ರಾಂ ತೂಕದ ಒಂದು ಕಾರನ್ನು ತೆಗೆದುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿಯು ಸುಮಾರು 1.5 ಲಕ್ಷ ಜೂಲು. ಅದೇ ಕಾರು 100 ಮೀಟರು ಎತ್ತರದಿಂದ ಇಳಿದಾಗ ಹೊರಬೀಳುವ ಶಕ್ತಿಯು ಸುಮಾರು 10.8 ಲಕ್ಷ ಜೂಲು. ಎಂದರೆ ಕಾರನ್ನು ಏಳು ಬಾರಿ ಪೂರ್ತಿಯಾಗಿ ನಿಲ್ಲಿಸಿದಷ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ಒಂದು ಪಾಲನ್ನು ಎಂಜಿನು ಹೊರುತ್ತದೆ. ಉಳಿದುದೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ.

ಕಾಲಿನ ಬಲವು ಚಕ್ರಕ್ಕೆ ತಲಪುವುದು ಪಾಸ್ಕಲನ ನಿಯಮದಿಂದ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡವು ಬ್ರೇಕ್ ಆಯಿಲಿನ ಮೂಲಕ ಸಮನಾಗಿ ಹರಡುತ್ತದೆ. ಚಕ್ರದ ಸಿಲಿಂಡರು ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಬ್ರೇಕು ಹಾಕಿದಾಗ ಭಾರವು ಮುಂದಿನ ಚಕ್ರಗಳ ಕಡೆಗೆ ವಾಲಿ, ಹಿಂದಿನವು ಹಗುರಾಗುತ್ತವೆ. ಅವು ಮೊದಲು ಬಿಗಿದುಕೊಂಡರೆ ಕಾರು ಅಡ್ಡ ತಿರುಗಬಹುದು. ಆದುದರಿಂದ ಹಿಂದಿನ ಬ್ರೇಕಿನ ಬಲವನ್ನು ಸಾಮಾನ್ಯವಾಗಿ ಕಡಮೆಯಾಗಿ ಇರಿಸಿರುತ್ತಾರೆ.

ಇನ್ನು ಎಚ್ಚರಿಕೆಯ ದೀಪ. ಕೆಲವು ಕಾರುಗಳಲ್ಲಿ ಅದು ಹ್ಯಾಂಡ್ ಬ್ರೇಕ್ ಎಳೆದಾಗ ಉರಿಯುತ್ತದೆ. ಕೆಲವುಗಳಲ್ಲಿ ಆಯಿಲಿನ ಮಟ್ಟ ಇಳಿದಾಗ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಕೊಳವೆಗಳಿರುವ ಕಾರುಗಳಲ್ಲಿ ಎರಡರ ನಡುವೆ ಒಂದು ಪುಟ್ಟ ಪಿಸ್ಟನ್ ಇರುವುದುಂಟು. ಒಂದು ಕಡೆ ಸೋರಿ ಒತ್ತಡ ಕುಸಿದರೆ ಪಿಸ್ಟನ್ ಆ ಕಡೆಗೆ ಸರಿದು ಸ್ವಿಚ್ಚನ್ನು ಮುಟ್ಟುತ್ತದೆ, ದೀಪ ಹೊತ್ತುತ್ತದೆ. ಒಂದೇ ಕೊಳವೆಯ ಬಹು ಹಳೆಯ ಕಾರುಗಳಲ್ಲಿ ಈ ಏರ್ಪಾಡೇ ಇಲ್ಲ.

ದೀಪ ಉರಿದರೆ ತಂತಿಯನ್ನು ಕಳಚಿ ಅದನ್ನು ಆರಿಸತಕ್ಕದ್ದಲ್ಲ. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಬೇಕು. ಬಳಿಕ ಆಯಿಲಿನ ಮಟ್ಟವನ್ನು. ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿದರೆ ಸಾಲದು. ಆಯಿಲು ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅಲ್ಲಿಯ ಸಿಲಿಂಡರು ಸೋರುತ್ತಿರಬಹುದು. ಮುಂದಿನ ಚಕ್ರಗಳಿಗೆ ಅಡ್ಡೆಯಿಟ್ಟು, ಹಿಂಭಾಗವನ್ನೆತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿದ ಮೇಲೆಯೇ ಡ್ರಮ್ಮನ್ನು ಬಿಚ್ಚಬೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದುದರಿಂದ ಧೂಳನ್ನು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಆಯಿಲು ಹೀರಿದ ಲೈನಿಂಗನ್ನು ಎರಡೂ ಹಿಂದಿನ ಚಕ್ರಗಳಲ್ಲಿ ಬದಲಿಸುವುದು ಲೇಸು. ಇಲ್ಲವಾದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಕೊನೆಗೆ ಕೊಳವೆಯಲ್ಲಿ ಸೇರಿದ ಗಾಳಿಯನ್ನು ತೆಗೆಯಬೇಕು. ಗಾಳಿ ಕುಗ್ಗುತ್ತದೆ, ದ್ರವ ಕುಗ್ಗದೆನ್ನಬಹುದು. ಗಾಳಿ ಉಳಿದರೆ ಪೆಡಲು ಮೆತ್ತಗಾಗುತ್ತದೆ. ಈ ಕೆಲಸವನ್ನು ನುರಿತ ಮೆಕ್ಯಾನಿಕರ ಎದುರಿನಲ್ಲಿಯೇ ಕಲಿಯತಕ್ಕದ್ದು.

ದೀಪ ಉರಿಯದಿದ್ದರೆ ಎಲ್ಲವೂ ಸರಿಯೆಂದು ತಿಳಿಯಬಹುದೇ? ಕೂಡದು. ಬಲ್ಬೇ ಸುಟ್ಟಿರಬಹುದು. ಅಲ್ಲದೆ ಬ್ರೇಕ್ ಆಯಿಲು ನೀರಿನ ಆವಿಯನ್ನು ಹೀರಿಕೊಳ್ಳುವ ದ್ರವ; ನಮ್ಮ ಕರಾವಳಿಯ ಮಳೆಗಾಲದಲ್ಲಿ ಆವಿಗೆ ಕೊರತೆಯಿಲ್ಲ. ಡಾಟ್ 3 ಮಟ್ಟದ ಹೊಸ ಆಯಿಲಿನ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್‌ಗೆ ಕಡಮೆಯಿರಬಾರದೆಂದು ನಿಯಮ; ನೀರು ಹೀರಿದ ಬಳಿಕ ಈ ಮಿತಿ 140 ಡಿಗ್ರಿ. ದೀರ್ಘವಾದ ಇಳಿಜಾರಿನಲ್ಲಿ ಅದು ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲು ನೆಲಕ್ಕೆ ಇಳಿಯುತ್ತದೆ. ಸವೆದ ಲೈನಿಂಗನ್ನಾಗಲಿ, ಹಳಸಿದ ಆಯಿಲನ್ನಾಗಲಿ ಈ ದೀಪಗಳು ಕಾಣಲಾರವು. ದೀಪವು ತನ್ನ ಸ್ವಿಚ್ಚು ಕಂಡುದನ್ನು ಮಾತ್ರ ಹೇಳುತ್ತದೆ. ಉಳಿದುದನ್ನು ಘಾಟಿಯಿಳಿಯುವ ಮೊದಲೇ ನಾವು ನೋಡಿಕೊಳ್ಳಬೇಕು.